ಗೆಲಾಕ್ಸಿಗಳ ಓಟ ನೋಡಿ ನ್ಯೂಟ್ರಿನೊ ತೂಕ ಹೇಳುವುದು ಹೇಗೆ?

ಹಗಲುಗನಸಿಗ

ನಾನು ಓದಿದ್ದು ಗಣಿತ. ಭೌತಶಾಸ್ತ್ರ ಡಿಗ್ರಿಯ ಎರಡನೇ ವರ್ಷಕ್ಕೇ ನಿಂತಿತು. ಸಮೀಕರಣ ಕಂಡರೆ ಹೆದರುವುದಿಲ್ಲ. ಆದರೆ ಅದರ ಹಿಂದೆ ಏನು ನಡೆಯುತ್ತಿದೆ ಅಂತ ಯಾರಾದರೂ ಬಿಡಿಸಿ ಹೇಳಿದರೆ ಮಾತ್ರ ತಲೆಗೆ ಹತ್ತುತ್ತದೆ.

ನ್ಯೂಟ್ರಿನೊ ಅನ್ನುವ ಸಣ್ಣ ಕಣಕ್ಕೆ ತೂಕ ಇದೆ ಅಂತ 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆ ತೋರಿಸಿತು. ಆಮೇಲೆ ಕೆನಡಾದ ಸಡ್ಬರಿ ಪ್ರಯೋಗವೂ ಅದನ್ನೇ ಹೇಳಿತು. ಮೂರು ಬಗೆಯ ನ್ಯೂಟ್ರಿನೊಗಳು ದಾರಿಯಲ್ಲೇ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತವೆ, ತೂಕವೇ ಇಲ್ಲದಿದ್ದರೆ ಹಾಗಾಗುವುದಿಲ್ಲ. ಆದರೆ ಈ ಪ್ರಯೋಗಗಳಿಂದ ಸಿಗುವುದು ತೂಕಗಳ ವರ್ಗದ (ಸ್ಕ್ವೇರ್) ವ್ಯತ್ಯಾಸ ಮಾತ್ರ. ಒಂದೊಂದರ ತೂಕ ಎಷ್ಟು ಅಂತ ಅಲ್ಲ. ಇಲ್ಲಿವರೆಗೆ ಅರ್ಥವಾಗಿದೆ.

ನನಗೆ ಜೀರ್ಣವಾಗದೇ ಇರುವುದು ಮುಂದಿನದು. ಗೆಲಾಕ್ಸಿಗಳು ಹೇಗೆ ಚಲಿಸುತ್ತಿವೆ ಅಂತ ನೋಡಿ ನ್ಯೂಟ್ರಿನೊ ತೂಕ ಹೇಳಬಹುದಂತೆ. ಹೇಗೆ ಸ್ವಾಮಿ? ಒಂದು ಕಡೆ ಹತ್ತು ಸಾವಿರ ಕೋಟಿ ನಕ್ಷತ್ರಗಳ ರಾಶಿ. ಇನ್ನೊಂದು ಕಡೆ ಎಲೆಕ್ಟ್ರಾನಿನ ಮುಂದೆಯೂ ಲೆಕ್ಕಕ್ಕೆ ಬಾರದ ಒಂದು ಕಣ. ಅದು ಯಾವುದಕ್ಕೂ ಡಿಕ್ಕಿ ಹೊಡೆಯದೆ ಭೂಮಿಯನ್ನೇ ದಾಟಿ ಹೋಗುತ್ತದೆ. ಅಂಥದ್ದು ಗೆಲಾಕ್ಸಿಯನ್ನು ಎಳೆಯುತ್ತದೆಯೋ, ತಡೆಯುತ್ತದೆಯೋ? ಎಳೆದರೂ ಅದು ನಮಗೆ ಕಾಣುವಷ್ಟು ಇರುತ್ತದೆಯೇ?

ಇನ್ನೊಂದು. ಗೆಲಾಕ್ಸಿಗಳ ನಕ್ಷೆ ಮಾಡುವ ಡೆಸಿ ಸರ್ವೆಯವರು ಮೂರೂ ನ್ಯೂಟ್ರಿನೊಗಳ ಒಟ್ಟು ತೂಕ 0.064 ಇವಿಗಿಂತ (ಎಲೆಕ್ಟ್ರಾನ್ ವೋಲ್ಟ್, ಕಣಗಳ ತೂಕದ ಅಳತೆ) ಕಡಿಮೆ ಅಂತ 2025ರಲ್ಲಿ ಹೇಳಿದರಲ್ಲ, ಆ ಸಂಖ್ಯೆ ಬಂದಿದ್ದು ಈ ಚಲನೆಯಿಂದಲೇ ಅಲ್ವಾ?

ಕೆಂಪುಪಲ್ಲಟ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಅಲ್ಲ. ಆ ಸಂಖ್ಯೆಗೂ ಗೆಲಾಕ್ಸಿಗಳ ಚಲನೆಗೂ ಸಂಬಂಧ ತೀರಾ ಕಡಿಮೆ. ಇದನ್ನು ಎಲ್ಲರೂ ಬೆರೆಸಿಬಿಡುತ್ತಾರೆ, ಅದಕ್ಕೇ ಮೊದಲೇ ಹೇಳಿದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಕೆಲಸ ಗೆಲಾಕ್ಸಿಗಳ ವೇಗದ ಪಟ್ಟಿ ಮಾಡುವುದು. ಹಾಗಾಗಿ ನನ್ನ ಮಾತಿನಲ್ಲಿ ವೇಗದ ಕಡೆಗೆ ಸ್ವಲ್ಪ ಪಕ್ಷಪಾತ ಇರುತ್ತದೆ, ಕಳೆದು ಓದಿಕೊಳ್ಳಿ.

ಒಂದು ನ್ಯೂಟ್ರಿನೊ ಗೆಲಾಕ್ಸಿಗೆ ಏನೂ ಮಾಡುವುದಿಲ್ಲ. ನೀವು ಹೇಳಿದ್ದು ಸರಿ. ನೀವು ಹೇಳಿದ ಆ ಪ್ರಯೋಗಗಳ ಪ್ರಕಾರ ಮೂರರಲ್ಲಿ ಅತಿ ಭಾರದ್ದು ಕನಿಷ್ಠ 0.05 ಇವಿ ಇರಬೇಕು, ಅಂದರೆ ಎಲೆಕ್ಟ್ರಾನಿನ ತೂಕದ ಕೋಟಿಯಲ್ಲೊಂದು ಭಾಗ. ಆದರೆ ಸಂಖ್ಯೆ ನೋಡಿ. ಬಿಗ್ ಬ್ಯಾಂಗ್ ಆಗಿ ಸುಮಾರು ಒಂದು ಸೆಕೆಂಡಿಗೆ ನ್ಯೂಟ್ರಿನೊಗಳು ಉಳಿದ ವಸ್ತುವಿನಿಂದ ಬಿಡಿಸಿಕೊಂಡವು. ಆಗಿನವು ಇನ್ನೂ ಇವೆ. ಮೂರೂ ಬಗೆ ಸೇರಿದರೆ ವಿಶ್ವದ ಪ್ರತಿ ಘನ ಸೆಂಟಿಮೀಟರಿನಲ್ಲಿ ಸರಾಸರಿ 336. ಖಾಲಿ ಜಾಗ ಅಂತ ನಾವು ಕರೆಯುವ ಕಡೆಯೂ ಇಷ್ಟೇ. ಪ್ರೋಟಾನುಗಳನ್ನು ಇಡೀ ವಿಶ್ವಕ್ಕೆ ಸಮನಾಗಿ ಹರಡಿದರೆ ನಾಲ್ಕು ಘನ ಮೀಟರಿಗೆ ಒಂದು ಸಿಕ್ಕೀತು. ಒಂದು ಸಣ್ಣ ತೂಕವನ್ನು ಅಷ್ಟು ದೊಡ್ಡ ಸಂಖ್ಯೆಯಿಂದ ಗುಣಿಸಿದರೆ ಸಿಗುವುದು ಸಣ್ಣದೇನಲ್ಲ. ಒಟ್ಟು ತೂಕ ಕನಿಷ್ಠ ಮಿತಿಯಾದ 0.06 ಇವಿ ಅಂತ ಇಟ್ಟುಕೊಂಡರೂ ವಿಶ್ವದ ಎಲ್ಲ ವಸ್ತುವಿನಲ್ಲಿ ನ್ಯೂಟ್ರಿನೊಗಳ ಪಾಲು ಹತ್ತಿರ ಹತ್ತಿರ ಅರ್ಧ ಶೇಕಡ ಬರುತ್ತದೆ.

ಈಗ ಎಳೆಯುತ್ತದೆಯೋ ತಡೆಯುತ್ತದೆಯೋ ಅನ್ನುವ ಪ್ರಶ್ನೆ. ಉತ್ತರ ಎರಡೂ ಅಲ್ಲ. ನ್ಯೂಟ್ರಿನೊ ಎಳೆಯಬೇಕಾದ ಕಡೆ ಎಳೆಯುವುದಿಲ್ಲ. ಅದರಿಂದಲೇ ಅದು ಸಿಕ್ಕಿಬೀಳುತ್ತದೆ.

ಹೇಗೆ ಅಂದರೆ, ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದೆ ಗುರುತ್ವದಿಂದ ಮಾತ್ರ ಗೊತ್ತಾಗುವ ವಸ್ತು, ನಿಧಾನದ್ದು. ಎಲ್ಲಾದರೂ ಸ್ವಲ್ಪ ಜಾಸ್ತಿ ಸೇರಿದರೆ ಅಲ್ಲಿ ಗುರುತ್ವ ಜಾಸ್ತಿ, ಅಲ್ಲಿಗೆ ಇನ್ನಷ್ಟು ಬಂದು ಬೀಳುತ್ತದೆ. ಗುಂಪು ಬೆಳೆಯುವುದು ಹೀಗೆ. ನ್ಯೂಟ್ರಿನೊ ಮಾತ್ರ ಇನ್ನೂ ಓಡುತ್ತಲೇ ಇದೆ. 0.05 ಇವಿ ತೂಕದ ಒಂದು ನ್ಯೂಟ್ರಿನೊ ಇವತ್ತು ಸೆಕೆಂಡಿಗೆ ಸುಮಾರು 3000 ಕಿಲೋಮೀಟರ್ ವೇಗದಲ್ಲಿರುತ್ತದೆ. ನಮ್ಮಂಥ ಗೆಲಾಕ್ಸಿಯಿಂದ ತಪ್ಪಿಸಿಕೊಳ್ಳಲು ಐನೂರು ಆರುನೂರು ಸಾಕು. ರಭಸವಾಗಿ ಉರುಳುವ ಗೋಲಿ ಅಂಗಳದ ಸಣ್ಣ ಕುಳಿಯೊಳಗೆ ನಿಲ್ಲದೆ ದಾಟಿಹೋಗುವ ಹಾಗೆ ಅದು ಗೆಲಾಕ್ಸಿಗಳ ಗುಂಪನ್ನೂ ದಾಟಿ ಹೋಗುತ್ತದೆ. ಹತ್ತಾರು ಕೋಟಿ ಜ್ಯೋತಿರ್ವರ್ಷದಷ್ಟು ದೊಡ್ಡ ಹಳ್ಳವಾದರೆ ಮಾತ್ರ ಅದೂ ಇಳಿಯುತ್ತದೆ.

ನೀವು ಗಣಿತದವರು, ಇದನ್ನು ಹೀಗೆ ನೋಡಿ. ಒಂದು ಗುಂಪು ಬೆಳೆಯುವಾಗ ಎರಡು ಪದಗಳ ಜಗ್ಗಾಟ ಇರುತ್ತದೆ. ಒಂದು ಹಿಗ್ಗುವಿಕೆ. ಅದು ವಸ್ತುವನ್ನು ದೂರ ಮಾಡುತ್ತದೆ, ಅದರ ದರವನ್ನು ತೀರ್ಮಾನಿಸುವಾಗ ನ್ಯೂಟ್ರಿನೊಗಳ ತೂಕವೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಗುಂಪಿನ ಸ್ವಂತ ಗುರುತ್ವ. ಅದರಲ್ಲಿ ನ್ಯೂಟ್ರಿನೊ ಇಲ್ಲ, ಯಾಕಂದರೆ ಅದು ಗುಂಪಿಗೆ ಸೇರಿಯೇ ಇಲ್ಲ. ಹಿಗ್ಗುವ ಕಡೆ ಪೂರ್ತಿ ತೂಕ, ಕುಗ್ಗುವ ಕಡೆ ಅರ್ಧ ಶೇಕಡ ಕಡಿಮೆ. ನ್ಯೂಟ್ರಿನೊ ಇಲ್ಲದಿದ್ದರೆ, ವಸ್ತುವಿನದೇ ಮೇಲುಗೈ ಇದ್ದ ಕಾಲದಲ್ಲಿ ಗುಂಪುಗಳು ವಿಶ್ವದ ಗಾತ್ರದ ಮೊದಲ ಘಾತದಲ್ಲಿ ಬೆಳೆಯುತ್ತವೆ. ನ್ಯೂಟ್ರಿನೊ ಇದ್ದರೆ ಆ ಘಾತ 1ರಿಂದ ನ್ಯೂಟ್ರಿನೊ ಪಾಲಿನ ಐದರಲ್ಲಿ ಮೂರು ಭಾಗದಷ್ಟು ಕೆಳಗಿಳಿಯುತ್ತದೆ. ಅಂದರೆ 1 ಇದ್ದದ್ದು 0.997. ಏನು ಮಹಾ ಅನ್ನಿಸುತ್ತದೆ. ಆದರೆ ಈ ಸಣ್ಣ ಕೊರತೆ ಸಾವಿರ ಕೋಟಿ ವರ್ಷಕ್ಕೂ ಮೀರಿ ಚಕ್ರಬಡ್ಡಿಯಂತೆ ಸೇರುತ್ತಾ ಬರುತ್ತದೆ. ಕೊನೆಗೆ ಸಣ್ಣ ಅಳತೆಗಳಲ್ಲಿ ಗುಂಪುಗಟ್ಟುವಿಕೆಯ ವರ್ಗ, ಅಂದರೆ ಪವರ್ ಸ್ಪೆಕ್ಟ್ರಮ್, ನ್ಯೂಟ್ರಿನೊ ಪಾಲಿನ ಎಂಟು ಪಟ್ಟು ಕುಸಿಯುತ್ತದೆ. 0.06 ಇವಿಗೆ ಮೂರೂವರೆ ಶೇಕಡ. 0.1 ಇವಿ ಆದರೆ ಆರು ಶೇಕಡ.

ಇಲ್ಲಿಗೆ ಚಲನೆ ಯಾಕೆ ಬೇಕು ಅನ್ನುವ ಮಾತು.

ಗುಂಪು ಎಷ್ಟಿದೆ ಅಂತ ಗೆಲಾಕ್ಸಿಗಳನ್ನು ಎಣಿಸಿ ನೋಡಬಹುದಲ್ಲ? ನೋಡಬಹುದು. ತೊಂದರೆ ಏನೆಂದರೆ ಗೆಲಾಕ್ಸಿಗಳು ವಸ್ತು ಇರುವ ಕಡೆಯೆಲ್ಲ ಸಮನಾಗಿ ಹುಟ್ಟುವುದಿಲ್ಲ. ದಟ್ಟ ಜಾಗ ಹುಡುಕಿ ಹುಟ್ಟುತ್ತವೆ. ಒಂದು ಬಗೆಯ ಗೆಲಾಕ್ಸಿ ನಿಜಕ್ಕಿಂತ ಎರಡು ಪಟ್ಟು ಗುಂಪು ತೋರಿಸುತ್ತದೆ, ಇನ್ನೊಂದು ಬಗೆ ಅಷ್ಟು ತೋರಿಸುವುದಿಲ್ಲ. ಈ ಗುಣಕವನ್ನು ಬಯಾಸ್ ಅನ್ನುತ್ತೇವೆ. ಮೂರೂವರೆ ಶೇಕಡ ಹುಡುಕುತ್ತಿರುವಾಗ ಎರಡು ಪಟ್ಟಿನ ಗೊಂದಲ ಇಟ್ಟುಕೊಂಡು ಏನು ಮಾಡುವುದು?

ವೇಗಕ್ಕೆ ಈ ಕಾಯಿಲೆ ಇಲ್ಲ. ಬೀಳುವ ವಸ್ತು ಕಲ್ಲಾಗಲಿ ಗರಿಯಾಗಲಿ, ಗಾಳಿಯ ಅಡ್ಡಿ ಇಲ್ಲದಿದ್ದರೆ ಗುರುತ್ವದಲ್ಲಿ ಒಂದೇ ರೀತಿ ಬೀಳುತ್ತದೆ. ಗೆಲಾಕ್ಸಿಯೂ ಹಾಗೆಯೇ. ಅದು ಕೆಂಪೋ ನೀಲಿಯೋ, ದೊಡ್ಡದೋ ಚಿಕ್ಕದೋ, ಸುತ್ತಲಿನ ಎಲ್ಲ ವಸ್ತುವಿನ ಎಳೆತಕ್ಕೆ ಒಂದೇ ರೀತಿ ಓಗೊಡುತ್ತದೆ. ಗುಂಪು ಬೆಳೆಯುವುದು ಅಂದರೆ ಗೆಲಾಕ್ಸಿಗಳು ಅದರ ಕಡೆಗೆ ಓಡಿ ಬರುವುದು. ಹಾಗಾಗಿ ವೇಗ ಅಳೆದರೆ ಬೆಳವಣಿಗೆಯ ದರವನ್ನೇ ಅಳೆದಂತೆ.

ಅಳೆಯುವ ದಾರಿಯೂ ಚೆಂದ. ಗೆಲಾಕ್ಸಿ ಎಷ್ಟು ದೂರ ಅಂತ ನಾವು ರೆಡ್‌ಶಿಫ್ಟ್, ಅಂದರೆ ದೂರ ಸರಿಯುವಾಗ ಅದರ ಬೆಳಕು ಕೆಂಪಿನ ಕಡೆಗೆ ಎಷ್ಟು ಜರುಗಿದೆ ಅನ್ನುವುದನ್ನು ನೋಡಿ ಹೇಳುತ್ತೇವೆ. ಆದರೆ ರೆಡ್‌ಶಿಫ್ಟಿನಲ್ಲಿ ವಿಶ್ವ ಹಿಗ್ಗುವ ವೇಗದ ಜೊತೆಗೆ ಗೆಲಾಕ್ಸಿಯ ಸ್ವಂತ ವೇಗವೂ ಬೆರೆತಿರುತ್ತದೆ. ಒಂದು ದೊಡ್ಡ ಗುಂಪಿನ ಈಚೆ ಬದಿಯ ಗೆಲಾಕ್ಸಿ ಗುಂಪಿನ ಕಡೆಗೆ, ಅಂದರೆ ನಮ್ಮಿಂದ ಆಚೆಗೆ ಬೀಳುತ್ತಿದೆ. ಅದು ಇರುವುದಕ್ಕಿಂತ ದೂರ ಕಾಣುತ್ತದೆ. ಆಚೆ ಬದಿಯದು ನಮ್ಮ ಕಡೆಗೆ ಬೀಳುತ್ತಿದೆ, ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಫಲ ಏನೆಂದರೆ ನಕ್ಷೆಯಲ್ಲಿ ಗುಂಪು ನಮ್ಮ ದೃಷ್ಟಿಯ ದಿಕ್ಕಿನಲ್ಲಿ ಚಪ್ಪಟೆಯಾಗುತ್ತದೆ. ಅಡ್ಡ ದಿಕ್ಕಿನಲ್ಲಿ ಆಗುವುದಿಲ್ಲ. ಎಷ್ಟು ಚಪ್ಪಟೆ ಅನ್ನುವುದೇ ಬೆಳವಣಿಗೆಯ ದರ. ಇದನ್ನು ನಿಕ್ ಕೈಸರ್ 1987ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಈ ಹೆಸರನ್ನು ನೆನಪಿಡಿ, ನಮ್ಮ ಕ್ಷೇತ್ರದಲ್ಲಿ ಅರ್ಧ ಜನ ಇವತ್ತಿಗೂ ಬದುಕುತ್ತಿರುವುದು ಆ ಸೂತ್ರದ ಮೇಲೆ. ಗುಂಪಿನ ನಟ್ಟನಡುವೆ ಮಾತ್ರ ಉಲ್ಟಾ. ಅಲ್ಲಿ ಗೆಲಾಕ್ಸಿಗಳು ಸೆಕೆಂಡಿಗೆ ಸಾವಿರ ಕಿಲೋಮೀಟರ್ ವೇಗದಲ್ಲಿ ದಿಕ್ಕುದೆಸೆಯಿಲ್ಲದೆ ಸುತ್ತುತ್ತವೆ, ಹಾಗಾಗಿ ನಕ್ಷೆಯಲ್ಲಿ ನಮ್ಮ ಕಡೆಗೆ ಬೆರಳು ಚಾಚಿದಂತೆ ಉದ್ದಕ್ಕೆ ಎಳೆದುಕೊಳ್ಳುತ್ತವೆ. ಈ ಭಾಗವನ್ನು ಲೆಕ್ಕದಿಂದ ಸರಿಯಾಗಿ ಬೇರೆ ಮಾಡುವುದೇ ದೊಡ್ಡ ತಲೆನೋವು.

ಬೀಟಾಕ್ಷಯ

ಪಲ್ಲಟ ಅವರು ಚೆನ್ನಾಗಿ ಬಿಡಿಸಿದ್ದಾರೆ. ಆದರೆ ಪ್ರಯೋಗಾಲಯದ ಕಡೆಯಿಂದ ಒಂದು ತಕರಾರು. ಇದೆಲ್ಲ ನೇರವಾಗಿ ತೂಕ ಹಾಕುವುದಲ್ಲ. ವಿಶ್ವ ಹೀಗಿದೆ ಅಂತ ಮೊದಲು ಒಪ್ಪಿಕೊಂಡು, ಆಮೇಲೆ ಕೊರತೆಯನ್ನು ನ್ಯೂಟ್ರಿನೊ ಲೆಕ್ಕಕ್ಕೆ ಬರೆಯುವುದು.

ನೇರ ಅಳತೆ ಬೇಕಾದರೆ ಜರ್ಮನಿಯ ಕಾರ್ಲ್ಸ್‌ರೂಹೆಯ ಕ್ಯಾಟ್ರಿನ್ ಪ್ರಯೋಗ ನೋಡಿ. ಟ್ರಿಟಿಯಂ (ವಿಕಿರಣ ಸೂಸುವ ಭಾರದ ಹೈಡ್ರೋಜನ್) ಒಡೆದಾಗ ಎಲೆಕ್ಟ್ರಾನ್ ಮತ್ತು ನ್ಯೂಟ್ರಿನೊ 18.6 ಕಿಲೋ ಇವಿ ಶಕ್ತಿಯನ್ನು ಹಂಚಿಕೊಳ್ಳುತ್ತವೆ. ನ್ಯೂಟ್ರಿನೊಗೆ ತೂಕ ಇದ್ದರೆ ಎಲೆಕ್ಟ್ರಾನಿಗೆ ಸಿಗಬಹುದಾದ ಗರಿಷ್ಠ ಶಕ್ತಿ ಅಷ್ಟು ಕಡಿಮೆಯಾಗುತ್ತದೆ. ಬರೀ ಶಕ್ತಿಯ ಲೆಕ್ಕ. ವಿಶ್ವದ ಹಿಗ್ಗುವಿಕೆಯನ್ನು ಜೋರು ಮಾಡುವ ಡಾರ್ಕ್ ಎನರ್ಜಿ ಬೇಡ, ಬಯಾಸ್ ಬೇಡ, ಬಿಗ್ ಬ್ಯಾಂಗೂ ಬೇಡ. 2019ರಲ್ಲಿ ಮಿತಿ 1.1 ಇವಿ ಇತ್ತು, 2022ರಲ್ಲಿ 0.8, ಈಗ 0.45. ಇದು ಒಂದು ನ್ಯೂಟ್ರಿನೊ ಲೆಕ್ಕ. ಮೂರಕ್ಕೆ ಸೇರಿಸಿದರೆ 1.35 ಹತ್ತಿರ.

ಸುಮ್ನೆ ಒಂದು ವಿಷಯ: ಅದರ ಮುಖ್ಯ ಟ್ಯಾಂಕು 200 ಟನ್ ತೂಕ. ತಯಾರಾದ ಊರಿನಿಂದ ಕಾರ್ಲ್ಸ್‌ರೂಹೆಗೆ 400 ಕಿಲೋಮೀಟರ್ ಅಷ್ಟೇ. ಆದರೆ ರಸ್ತೆಯಲ್ಲಿ ಹಿಡಿಯಲಿಲ್ಲ. 2006ರಲ್ಲಿ ಅದು ಡ್ಯಾನ್ಯೂಬ್ ನದಿ, ಕಪ್ಪು ಸಮುದ್ರ, ಮೆಡಿಟರೇನಿಯನ್, ಅಟ್ಲಾಂಟಿಕ್, ರೈನ್ ನದಿ ಅಂತ ಸುಮಾರು 9000 ಕಿಲೋಮೀಟರ್ ಸುತ್ತಿ ಬಂತು. ನ್ಯೂಟ್ರಿನೊ ತೂಕ ಹಾಕಲು ಅಷ್ಟು ಕಷ್ಟಪಟ್ಟವರು ಎರಡು ಸಾಲಿನ ಹೆಡ್‌ಲೈನ್ ನೋಡಿ ಬೇಸರ ಪಡುವುದು ತಪ್ಪಲ್ಲ ಅಲ್ವಾ?

ಕೆಂಪುಪಲ್ಲಟ

@ಬೀಟಾಕ್ಷಯ ತಕರಾರು ಒಪ್ಪಿದೆ. ನಿಮ್ಮ 1.35ಕ್ಕೂ ನಮ್ಮ 0.064ಕ್ಕೂ ಇಪ್ಪತ್ತು ಪಟ್ಟು ಅಂತರ ಇದೆ ಅಂತ ಜಂಬ ಕೊಚ್ಚಿಕೊಳ್ಳುವವರನ್ನು ನಾನೂ ನೋಡಿದ್ದೇನೆ. ಎರಡೂ ಒಂದೇ ಬಗೆಯ ಸಂಖ್ಯೆಗಳಲ್ಲ.

ಡೆಸಿ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಅರಿಜೋನಾದ ಕಿಟ್ ಪೀಕ್‌ನಲ್ಲಿ 4 ಮೀಟರಿನ ಮೇಯಾಲ್ ದೂರದರ್ಶಕ, ಅದರ ಮೂತಿಯಲ್ಲಿ 5000 ಫೈಬರುಗಳು. ಒಂದೇ ಸಲಕ್ಕೆ 5000 ಗೆಲಾಕ್ಸಿಗಳ ರೆಡ್‌ಶಿಫ್ಟ್. ಈ ನಕ್ಷೆಯಿಂದ ಎರಡು ಬೇರೆ ಬೇರೆ ಮಾಹಿತಿ ತೆಗೆಯುತ್ತಾರೆ. ಒಂದು ನಾನು ಮೇಲೆ ಹೇಳಿದ ಚಪ್ಪಟೆತನ. ಇನ್ನೊಂದು ಗೆಲಾಕ್ಸಿಗಳ ನಡುವಿನ ಒಂದು ನಿರ್ದಿಷ್ಟ ಅಂತರ. ಆದಿಯ ಬಿಸಿ ಪ್ಲಾಸ್ಮಾದಲ್ಲಿ ಹರಡಿದ ಶಬ್ದದ ಅಲೆಗಳು ಬಿಟ್ಟುಹೋದ ಸುಮಾರು 50 ಕೋಟಿ ಜ್ಯೋತಿರ್ವರ್ಷದ ಗುರುತು ಅದು. ಅದನ್ನು ಅಳತೆಗೋಲಿನಂತೆ ಬಳಸಿದರೆ ವಿಶ್ವ ಯಾವ ಕಾಲದಲ್ಲಿ ಎಷ್ಟು ಹಿಗ್ಗಿತು ಅಂತ ತಿಳಿಯುತ್ತದೆ.

0.064 ಬಂದಿದ್ದು ಮುಖ್ಯವಾಗಿ ಈ ಎರಡನೆಯದರಿಂದ, ಮೈಕ್ರೋವೇವ್ ಹಿನ್ನೆಲೆಯ, ಅಂದರೆ ಆದಿಯ ಬಿಸಿ ವಿಶ್ವದಿಂದ ಹೊರಟು ಇವತ್ತಿಗೂ ಆಕಾಶದ ಎಲ್ಲ ಕಡೆಯಿಂದ ಬರುವ ಬೆಳಕಿನ ಜೊತೆ ಸೇರಿಸಿ. ತರ್ಕ ಹೀಗೆ. ಮೈಕ್ರೋವೇವ್ ಹಿನ್ನೆಲೆ ಹೊರಟಾಗ ನ್ಯೂಟ್ರಿನೊ ಬೆಳಕಿನ ವೇಗದ ಹತ್ತಿರ ಓಡುತ್ತಿತ್ತು, ವಸ್ತುವಿನ ಸಾಲಿಗೆ ಸೇರಿರಲಿಲ್ಲ. ಆಮೇಲೆ ವಿಶ್ವ ಇವತ್ತಿನ ಗಾತ್ರದ ನೂರನೇ ಒಂದು ಭಾಗ ಆದಾಗ ಹೆಚ್ಚುಕಡಿಮೆ ನಿಧಾನವಾಗಿ ವಸ್ತುವಿನ ಸಾಲಿಗೆ ಬಂತು. ಹಾಗಾದರೆ ವಿಶ್ವದ ಒಟ್ಟು ಶಕ್ತಿಯಲ್ಲಿ ಇವತ್ತಿನ ವಸ್ತುವಿನ ಪಾಲು ಆಗಿನ ಲೆಕ್ಕಕ್ಕಿಂತ ತುಸು ಜಾಸ್ತಿ ಇರಬೇಕು. ಡೆಸಿ ಅಳೆದಾಗ ಸಿಕ್ಕಿದ್ದು ಉಲ್ಟಾ. ಪ್ಲಾಂಕ್ ಉಪಗ್ರಹದ ಲೆಕ್ಕದಲ್ಲಿ 0.315 ಇದ್ದದ್ದು ಡೆಸಿಯಲ್ಲಿ 0.2975. ವಸ್ತುವೇ ಕಡಿಮೆ ಬಿದ್ದಿದೆ, ನ್ಯೂಟ್ರಿನೊಗೆ ಜಾಗ ಎಲ್ಲಿ? ಹಾಗಾಗಿ ಮಿತಿ ಕೆಳಕ್ಕೆ ಕುಸಿಯಿತು. ಇದರಲ್ಲಿ ಯಾವ ಗೆಲಾಕ್ಸಿ ಎತ್ತ ಓಡಿತು ಅನ್ನುವುದರ ಪಾತ್ರವೇ ಇಲ್ಲ. ಚಪ್ಪಟೆತನವನ್ನೂ ಸೇರಿಸಿದ ವಿಶ್ಲೇಷಣೆ 2024ರ ನವೆಂಬರಿನಲ್ಲಿ ಬಂದಿತ್ತು, ಅದು ಕೊಟ್ಟ ಮಿತಿ 0.071.

ಮತ್ತೆ, ಡಾರ್ಕ್ ಎನರ್ಜಿ ಕಾಲಕ್ಕೆ ತಕ್ಕಂತೆ ಬದಲಾಗಬಹುದು ಅಂತ ಬಿಟ್ಟರೆ ಅದೇ ಡೆಸಿಯ 0.064 ಹೋಗಿ 0.16 ಆಗುತ್ತದೆ. ಒಂದು ಊಹೆ ಸಡಿಲಿಸಿದರೆ ಎರಡೂವರೆ ಪಟ್ಟು. ಇದು ಹೆಡ್‌ಲೈನಿನಲ್ಲಿ ಬರುವುದಿಲ್ಲ.

ಹಗಲುಗನಸಿಗ

ಅಬ್ಬಾ. ಇಷ್ಟು ದಿನ ಎರಡನ್ನೂ ಒಂದೇ ಅಂತ ಓದಿಕೊಂಡಿದ್ದೆ.

ಒಂದು ಲೆಕ್ಕ ತಾಳೆಯಾಗುತ್ತಿಲ್ಲ. ನೀವೇ ಹೇಳಿದ ಪ್ರಕಾರ ಕನಿಷ್ಠ 0.06. ಮಿತಿ 0.064. ಅಂದರೆ ಉಳಿದ ಜಾಗ 0.004. ಇನ್ನು ಸ್ವಲ್ಪ ದಿನಕ್ಕೆ ಮಿತಿ 0.05 ಅಂತ ಬಂದರೆ?

ಇನ್ನೊಂದು. ಚಪ್ಪಟೆತನ ಅನ್ನುವುದು ಲಕ್ಷಾಂತರ ಗೆಲಾಕ್ಸಿಗಳ ಸರಾಸರಿ ಅಲ್ವಾ. ಒಂದೊಂದು ಗೆಲಾಕ್ಸಿಯ ವೇಗವನ್ನೇ ಅಳೆಯಲು ಆಗುವುದಿಲ್ಲವೇ? ನಿಮ್ಮ ಪಟ್ಟಿ ಅದೇ ತಾನೆ?

ಸುಮ್ನೆ_ಓದುಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟೊಂದು ನ್ಯೂಟ್ರಿನೊ ಇದ್ದರೆ ಅದೇ ಯಾಕೆ ಡಾರ್ಕ್ ಮ್ಯಾಟರ್ ಆಗಬಾರದು?

ಕೆಂಪುಪಲ್ಲಟ

@ಸುಮ್ನೆ_ಓದುಗ ಒಳ್ಳೆ ಪ್ರಶ್ನೆ, ಕ್ಷಮೆ ಯಾಕೆ. ಅದನ್ನು ಮೊದಲೇ ಕೇಳಿದವರಿದ್ದಾರೆ, ಅದೂ ಗೆಲಾಕ್ಸಿಗಳ ಚಲನೆ ನೋಡಿಯೇ. ಕೋಮಾ ಗುಂಪಿನಲ್ಲಿ ಗೆಲಾಕ್ಸಿಗಳು ತೀರಾ ವೇಗವಾಗಿ ಓಡುತ್ತಿವೆ, ಕಾಣುವ ವಸ್ತುವಿನ ಗುರುತ್ವ ಅವನ್ನು ಹಿಡಿದಿಡಲು ಸಾಲದು ಅಂತ ಫ್ರಿಟ್ಜ್ ಜ್ವಿಕಿ 1933ರಲ್ಲಿ ಹೇಳಿದ್ದರು. 1973ರಲ್ಲಿ ರಾಮನಾಥ್ ಕೌಸಿಕ್ ಮತ್ತು ಮೆಕ್‌ಕ್ಲೆಲ್ಲಂಡ್, ಆ ಕೊರತೆಯನ್ನು ಕೆಲವು ಇವಿ ತೂಕದ ನ್ಯೂಟ್ರಿನೊಗಳು ತುಂಬಬಹುದು ಅಂದರು. ನ್ಯೂಟ್ರಿನೊಗೆ ತೂಕವೇ ಇಲ್ಲ ಅಂತ ಬಹುತೇಕ ಎಲ್ಲರೂ ನಂಬಿದ್ದ ಕಾಲ ಅದು! ಅದಕ್ಕೂ ಮುಂಚೆ 1966ರಲ್ಲಿ ಗೆರ್ಶ್ಟೈನ್ ಮತ್ತು ಜೆಲ್ಡೊವಿಚ್ ವಿಶ್ವದ ಒಟ್ಟು ತೂಕ ನೋಡಿ ನ್ಯೂಟ್ರಿನೊ ತೂಕಕ್ಕೆ ಒಂದು ಮೇಲ್ಮಿತಿ ಹಾಕಿದ್ದರು. ನಾವು ಇವತ್ತು ಮಾಡುತ್ತಿರುವ ಕೆಲಸದ ಬೇರು ಅಲ್ಲಿದೆ. ಆದರೆ ಡಾರ್ಕ್ ಮ್ಯಾಟರ್ ಪೂರ್ತಿ ನ್ಯೂಟ್ರಿನೊ ಆಗಿದ್ದರೆ ಸಣ್ಣ ಗುಂಪುಗಳೆಲ್ಲ ಮೊದಲೇ ಅಳಿಸಿಹೋಗಿ ಗೆಲಾಕ್ಸಿಗಳು ಹುಟ್ಟುವುದು ತೀರಾ ತಡವಾಗುತ್ತಿತ್ತು. ನಿಜದಲ್ಲಿ ಹಾಗಾಗಿಲ್ಲ. ಆ ಕತೆ ಎಂಬತ್ತರ ದಶಕದಲ್ಲೇ ಮುಗಿಯಿತು.

@ಹಗಲುಗನಸಿಗ ಒಂದೊಂದು ಗೆಲಾಕ್ಸಿಯ ವೇಗ. ಹೌದು, ನನ್ನ ಹೊಟ್ಟೆಪಾಡು ಅದೇ. ರೆಡ್‌ಶಿಫ್ಟ್ ನೋಡದೆ ಬೇರೆ ದಾರಿಯಲ್ಲಿ ದೂರ ಕಂಡುಹಿಡಿಯಬೇಕು. ಆ ದೂರಕ್ಕೆ ಹಿಗ್ಗುವಿಕೆಯಿಂದ ಎಷ್ಟು ವೇಗ ಇರಬೇಕೋ ಅದನ್ನು ರೆಡ್‌ಶಿಫ್ಟ್ ತೋರಿಸುವ ವೇಗದಿಂದ ಕಳೆಯಬೇಕು. ಉಳಿದದ್ದು ಸ್ವಂತ ವೇಗ. ಸುರುಳಿ ಗೆಲಾಕ್ಸಿಗಳಿಗೆ 1977ರ ಟುಲ್ಲಿ–ಫಿಶರ್ ಸಂಬಂಧ ಬಳಸುತ್ತೇವೆ: ಎಷ್ಟು ಜೋರಾಗಿ ತಿರುಗುತ್ತದೋ ಅಷ್ಟು ಪ್ರಕಾಶ. ನಿಜದ ಪ್ರಕಾಶ ಗೊತ್ತಾದರೆ, ನಮಗೆ ಕಾಣುವ ಪ್ರಕಾಶದ ಜೊತೆ ಹೋಲಿಸಿ ದೂರ ಹೇಳಬಹುದು. ತಿರುಗುವ ವೇಗವನ್ನು ಹೈಡ್ರೋಜನ್ ಅನಿಲದ 21 ಸೆಂಟಿಮೀಟರ್ ರೇಡಿಯೊ ರೇಖೆಯ ಅಗಲದಿಂದ ತೆಗೆಯುತ್ತೇವೆ.

ಕೇಳಲು ಸುಲಭ. ಆದರೆ ಗೆಲಾಕ್ಸಿ ನಮ್ಮ ಕಡೆಗೆ ಎಷ್ಟು ವಾಲಿದೆ ಅಂತ ಗೊತ್ತಿರಬೇಕು. ಎದುರಿಗೆ ಮುಖ ಮಾಡಿ ಕೂತಿದ್ದರೆ ತಿರುಗಾಟ ಕಾಣುವುದೇ ಇಲ್ಲ. ನಮ್ಮಲ್ಲಿ ಇವತ್ತಿಗೂ ಚಿತ್ರಗಳನ್ನು ಪರದೆಯ ಮೇಲೆ ಒಂದೊಂದಾಗಿ ಹಾಕಿಕೊಂಡು ಕಣ್ಣಿನಲ್ಲಿ ನೋಡುತ್ತೇವೆ. ಇದಕ್ಕೆ ಪಕ್ಕದ ಗೆಲಾಕ್ಸಿ ಅಂಟಿಕೊಂಡಿದೆ, ತೆಗಿ. ಇದರ ತೋಳು ಸೊಟ್ಟಗಿದೆ, ತೆಗಿ. ಇದು 45 ಡಿಗ್ರಿಗಿಂತ ಕಡಿಮೆ ವಾಲಿದೆ, ತೆಗಿ. ಕಂಪ್ಯೂಟರ್ ಮಾಡುತ್ತದೆ, ನಿಜ. ಆದರೆ ಅದು ನಡುವಿನ ಅಡ್ಡಪಟ್ಟಿಯನ್ನು ವಾಲಿಕೆ ಅಂತ ತಿಳಿದುಬಿಡುತ್ತದೆ. ಅಂಥವನ್ನು ಹಿಡಿಯಲು ಕಣ್ಣೇ ಬೇಕು.

ಇಷ್ಟೆಲ್ಲ ಮಾಡಿದರೂ ದೂರದಲ್ಲಿ 20 ಶೇಕಡ ತಪ್ಪು ಉಳಿಯುತ್ತದೆ. 30 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿ ತಗೊಳ್ಳಿ. ಹಿಗ್ಗುವಿಕೆಯಿಂದ ಅದರ ವೇಗ ಸೆಕೆಂಡಿಗೆ ಸುಮಾರು 6500 ಕಿಲೋಮೀಟರ್. ಅದರಲ್ಲಿ 20 ಶೇಕಡ ಅಂದರೆ 1300. ನಾವು ಹುಡುಕುತ್ತಿರುವ ಸ್ವಂತ ವೇಗ ಸಾಮಾನ್ಯವಾಗಿ ಮುನ್ನೂರರ ಆಸುಪಾಸು. ತಪ್ಪೇ ಸಂಕೇತದ ನಾಲ್ಕು ಪಟ್ಟು! ಸಾವಿರಾರು ಗೆಲಾಕ್ಸಿ ಸೇರಿಸಿದರೆ ಮಾತ್ರ ಏನಾದರೂ ಮೇಲೆ ಬರುತ್ತದೆ. ನಮಗೆ ಖಚಿತವಾಗಿ ಗೊತ್ತಿರುವ ಒಂದೇ ವೇಗ ನಮ್ಮದೇ. ಮೈಕ್ರೋವೇವ್ ಹಿನ್ನೆಲೆಯಲ್ಲಿ ಆಕಾಶದ ಒಂದು ಬದಿ ತುಸು ಬಿಸಿ, ಎದುರು ಬದಿ ತುಸು ತಂಪು. ಅದರಿಂದ ಸೂರ್ಯ ಸೆಕೆಂಡಿಗೆ 370 ಕಿಲೋಮೀಟರ್, ಆಂಡ್ರೊಮಿಡಾ ಸೇರಿದ ನಮ್ಮ ಸಣ್ಣ ಗುಂಪು 620ರಷ್ಟು ವೇಗದಲ್ಲಿ ಹೋಗುತ್ತಿದೆ ಅಂತ ತಿಳಿಯುತ್ತದೆ.

ಹತ್ತಿರದ ಗೆಲಾಕ್ಸಿಗಳ ವೇಗ ಮಾತ್ರ ಇಟ್ಟುಕೊಂಡು ನ್ಯೂಟ್ರಿನೊ ತೂಕ ಹೇಳಲು ಇವತ್ತಿಗೆ ಆಗುವುದಿಲ್ಲ. ಬೆಳವಣಿಗೆಯ ದರದಲ್ಲಿ ಆಗುವ ಬದಲಾವಣೆ ಶೇಕಡ 0.3. ನಮ್ಮ ಅಳತೆಯ ತಪ್ಪು ಕೆಲವು ಶೇಕಡದಲ್ಲಿದೆ. ಇದು ನನ್ನದೇ ಕ್ಷೇತ್ರ, ಆದರೂ ಇದ್ದದ್ದು ಹೇಳಬೇಕಲ್ಲ.

ಬೇರೆ ದಾರಿಗಳೂ ಇವೆ. ದೊಡ್ಡ ಗುಂಪುಗಳಲ್ಲಿನ ಬಿಸಿ ಅನಿಲ ಓಡುತ್ತಿದ್ದರೆ ಅದನ್ನು ಹಾದು ಬರುವ ಮೈಕ್ರೋವೇವ್ ಹಿನ್ನೆಲೆಯ ಬಿಸಿ ಒಂದು ಚೂರು ಬದಲಾಗುತ್ತದೆ. ಗುಂಪುಗಳು ಜೋಡಿ ಜೋಡಿಯಾಗಿ ಪರಸ್ಪರ ಹತ್ತಿರ ಬರುತ್ತಿರುವುದನ್ನು ಚಿಲಿಯ ಅಟಕಾಮಾ ದೂರದರ್ಶಕದ ನಕ್ಷೆಯಲ್ಲಿ 2012ರಲ್ಲಿ ಹೀಗೆ ಮೊದಲ ಸಲ ಕಂಡರು. ಇದರ ಗುಣ ಏನೆಂದರೆ ದೂರ ಹೋದರೂ ಸಂಕೇತ ಮಸುಕಾಗುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2014ರಲ್ಲಿ ಬಂದ ಒಂದು ಯೋಚನೆ. ನ್ಯೂಟ್ರಿನೊ ಮತ್ತು ಡಾರ್ಕ್ ಮ್ಯಾಟರ್ ಒಂದೇ ಜಾಗದಲ್ಲಿದ್ದರೂ ಬೇರೆ ಬೇರೆ ವೇಗದಲ್ಲಿ ಹರಿಯುತ್ತವೆ. ಗೆಲಾಕ್ಸಿಯ ಡಾರ್ಕ್ ಮ್ಯಾಟರ್ ಗುಂಪು ಈ ನ್ಯೂಟ್ರಿನೊ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಹಿಂಬದಿಯಲ್ಲಿ ನ್ಯೂಟ್ರಿನೊಗಳು ತುಸು ದಟ್ಟವಾಗುತ್ತವೆ. ಆ ದಟ್ಟಣೆ ಗೆಲಾಕ್ಸಿಯನ್ನು ಹಿಂದಕ್ಕೆ ಜಗ್ಗುತ್ತದೆ. ಅಂದರೆ ನೀವು ಮೊದಲು ಕೇಳಿದ "ತಡೆಯುತ್ತದೆಯೋ" ಅನ್ನುವುದಕ್ಕೆ ಇಲ್ಲಿ ಹೌದು ಅನ್ನಬಹುದು, ಚಿಟಿಕೆಯಷ್ಟು. ಮುಂದೆ ಹಿಂದೆ ಒಂದೇ ರೀತಿ ಇರುವುದಿಲ್ಲ. ಬರೀ ಕೊರತೆ ಆದರೆ ಅದನ್ನು ಬೇರೆ ಯಾವುದರ ತಲೆಗಾದರೂ ಕಟ್ಟಬಹುದು. ಈ ದಿಕ್ಕಿನ ಗುರುತನ್ನು ಹಾಗೆ ಬೇರೆಯದರ ತಲೆಗೆ ಕಟ್ಟುವುದು ಕಷ್ಟ. ಚೀನಾದ ಟಿಯಾನ್ಹೆ-2 ಸೂಪರ್ ಕಂಪ್ಯೂಟರಿನಲ್ಲಿ ಸುಮಾರು 3 ಲಕ್ಷ ಕೋಟಿ ಕಣಗಳನ್ನು ಇಟ್ಟು ನ್ಯೂಟ್ರಿನೊ ಸೇರಿದ ವಿಶ್ವವನ್ನೇ ಓಡಿಸಿ ನೋಡಿದ್ದಾರೆ. ಆಕಾಶದಲ್ಲಿ ಇದನ್ನು ಇನ್ನೂ ಯಾರೂ ಹಿಡಿದಿಲ್ಲ.

ಈಗ ಆ 0.004 ಜಾಗದ ಪ್ರಶ್ನೆ. ಅದು ಇವತ್ತು ಎಲ್ಲರ ತಲೆ ತಿನ್ನುತ್ತಿರುವ ವಿಷಯ. ಲೆಕ್ಕದಲ್ಲಿ ತೂಕವನ್ನು ಋಣ ಸಂಖ್ಯೆಯಾಗಲು ಬಿಟ್ಟರೆ, ದತ್ತಾಂಶ ಸೊನ್ನೆಯ ಕೆಳಗಿನ ಸಂಖ್ಯೆಯನ್ನೇ ಇಷ್ಟಪಡುತ್ತಿದೆ. ನ್ಯೂಟ್ರಿನೊಗೆ ಋಣ ತೂಕ ಇದೆ ಅಂತ ಯಾರೂ ಹೇಳುತ್ತಿಲ್ಲ. ಉಳಿದ ಲೆಕ್ಕದಲ್ಲಿ ಎಲ್ಲೋ ಏನೋ ಹೊಂದುತ್ತಿಲ್ಲ ಅನ್ನುವ ಸೂಚನೆ ಅದು. ಡಾರ್ಕ್ ಎನರ್ಜಿ ಬದಲಾಗುತ್ತಿರಬಹುದು. ಇಲ್ಲವೇ ಮೊದಲ ನಕ್ಷತ್ರಗಳು ಅನಿಲವನ್ನು ಅಯಾನು ಮಾಡಿದ ಕಾಲದ ಬಗ್ಗೆ ಪ್ಲಾಂಕ್ ಕೊಟ್ಟ ಸಂಖ್ಯೆ ತಪ್ಪಿರಬಹುದು. ಪ್ಲಾಂಕ್ ಪ್ರಕಾರ ಆ ಅನಿಲದಿಂದ ಮೈಕ್ರೋವೇವ್ ಬೆಳಕಿಗೆ ದಾರಿಯಲ್ಲಿ ಸಿಕ್ಕ ಮಬ್ಬಿನ ಪ್ರಮಾಣ 0.054. ಅದು 0.09 ಆಸುಪಾಸು ಆಗಿದ್ದರೆ ಈ ಬಿಕ್ಕಟ್ಟು ಬಹುಮಟ್ಟಿಗೆ ಕರಗುತ್ತದೆ. ಯಾಕೆ ಅಂದರೆ, ಬೆಳವಣಿಗೆ ಎಷ್ಟು ಕುಂಠಿತವಾಯಿತು ಅಂತ ಹೇಳಲು ಆರಂಭದಲ್ಲಿ ಗುಂಪು ಎಷ್ಟಿತ್ತು ಅಂತ ಗೊತ್ತಿರಬೇಕು. ಆ ಆರಂಭದ ಸಂಖ್ಯೆಗೆ ಈ ಮಬ್ಬು ಅಂಟಿಕೊಂಡಿದೆ.

ಬೀಟಾಕ್ಷಯ

ಅಂದರೆ ನೂರು ಕೋಟಿ ವರ್ಷ ಹಳೆಯ ಮಬ್ಬು ಸರಿಯಾಗಿ ಅಳೆಯದ ತನಕ ನನ್ನ ಕಣದ ತೂಕ ನಿಮಗೆ ಸಿಗುವುದಿಲ್ಲ. ನಮಗೆ ಟ್ರಿಟಿಯಂ ಸಾಕು.

ಕೆಂಪುಪಲ್ಲಟ

ನೂರಲ್ಲ, ಸಾವಿರದ ಮುನ್ನೂರು ಕೋಟಿ ವರ್ಷ ಹಳೆಯದು. ಹೌದು, ಸಿಗುವುದಿಲ್ಲ. ನಿಮಗೂ ಟ್ರಿಟಿಯಂ ಸಾಕಾಗುವುದಿಲ್ಲ ಬಿಡಿ, 0.45ರಿಂದ 0.05ಕ್ಕೆ ಇಳಿಯಲು ಕ್ಯಾಟ್ರಿನ್ ಅಲ್ಲದ ಬೇರೆ ಯಂತ್ರವೇ ಬೇಕು.

ಹಗಲುಗನಸಿಗ

ಇಬ್ಬರಿಗೂ ವಂದನೆ. ಕೊನೆಯದು ಒಂದೇ. ಮುಂದಿನ ಸಲ "ನ್ಯೂಟ್ರಿನೊ ತೂಕ ಸಿಕ್ಕಿತು" ಅಂತ ಸುದ್ದಿ ಬಂದರೆ ನನ್ನಂಥವನು ಮೊದಲು ಏನು ನೋಡಬೇಕು?

ಕೆಂಪುಪಲ್ಲಟ

ಆ ಸಂಖ್ಯೆ ಹಿಗ್ಗುವಿಕೆಯಿಂದ ಬಂತೋ ಬೆಳವಣಿಗೆಯಿಂದ ಬಂತೋ ಅಂತ ನೋಡಿ. ಎರಡರಿಂದಲೂ ಬೇರೆ ಬೇರೆಯಾಗಿ ಒಂದೇ ಸಂಖ್ಯೆ ಬಂದಿದ್ದರೆ ನನಗೂ ಒಂದು ಮೆಸೇಜ್ ಹಾಕಿ. ಡಾರ್ಕ್ ಎನರ್ಜಿಯನ್ನು ಬದಲಾಗಲು ಬಿಟ್ಟಾಗಲೂ ಅದು ನಿಂತಿದೆಯೇ ಅಂತ ಕೋಷ್ಟಕದಲ್ಲಿ ಹುಡುಕಿ, ಸಾಮಾನ್ಯವಾಗಿ ಕೆಳಗಿನ ಸಾಲುಗಳಲ್ಲಿ ಇರುತ್ತದೆ. ಡೆಸಿಯವರು ಹತ್ತಿರದ ಗೆಲಾಕ್ಸಿಗಳ ಸ್ವಂತ ವೇಗವನ್ನೂ ಅಳೆಯುತ್ತಿದ್ದಾರೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದಿಂದ ಸೂಪರ್‌ನೋವಾಗಳು ಬರಲಿವೆ, ಅವುಗಳಿಂದ ಸಿಗುವ ದೂರದಲ್ಲಿ ತಪ್ಪು ನಮ್ಮ 20 ಶೇಕಡಕ್ಕಿಂತ ತುಂಬಾ ಕಡಿಮೆ. ಅವು ಬಂದ ಮೇಲೆ ನನ್ನ ವಾಲಿಕೆ ನೋಡುವ ಕೆಲಸ ಹೋಗಬಹುದು. ಹೋದರೆ ಹೋಗಲಿ.